ಇಪ್ಪತ್ತರ ಕಾಟಾ

ಸೊಹಾರ್ ಬಂದರಿನ ಎರಡನೇ ಗೇಟಿನಲ್ಲಿ
ಲಾರಿ ತೂಗುವವ ನಾನು.
ಬರುವಾಗ ಖಾಲಿ, ಹೋಗುವಾಗ ಭರ್ತಿ,
ನಡುವಿನ ವ್ಯತ್ಯಾಸಕ್ಕೆ ಒಂದು ಚೀಟಿ.
ಹದಿನಾಲ್ಕು ವರ್ಷದಿಂದ ಇಷ್ಟೇ ಕೆಲಸ.
ನನ್ನ ಕಾಟಾಕ್ಕೆ ಒಂದೆರಡು ಕಿಲೋ ತಿಳಿಯುವುದಿಲ್ಲ,
ಇಪ್ಪತ್ತರ ಮಗ್ಗಿಯಷ್ಟೇ ಬಾಯಿಪಾಠ.

ನೀರಿನ ಟ್ಯಾಂಕರಿನ ಉಮ್ಮರಬ್ಬನ ಮಗ ಅಫ್ವಾನ್
ಒಂದು ರಾತ್ರಿ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತ,
ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವನಂತೆ ಉಸಿರು ಹಿಡಿದು.
ಕೆಂಪು ಅಂಕಿ ಮಿಣುಕಿ ಹೇಳಿತು: ನಲವತ್ತು.
"ಸುಳ್ಳು ಕಾಕಾ! ನಲವತ್ತೊಂಬತ್ತು ಇದ್ದೇನೆ."
ಇದ್ದ. ಆದರೆ ಅಂದು ಸಂಜೆ ಕಬಡ್ಡಿಯಲ್ಲಿ
ಬರ್ಕಾದ ಹುಡುಗರೂ ಹಾಗೇ ಎಣಿಸಿದ್ದರು.
ಕೆಡವಲೂ ಇಲ್ಲ, ಸುಮ್ಮನೆ ಎತ್ತಿ
ಗೆರೆಯಾಚೆ ಇಟ್ಟರು,
ಮದುವೆಮನೆಯಲ್ಲಿ ಕುರ್ಚಿ ಸರಿಸಿದ ಹಾಗೆ.
ಉಸಿರು ಇನ್ನೂ ಇತ್ತು ಅವನಲ್ಲಿ,
ಆಚೆ ನಿಂತೂ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ.

ಮುಧೋಳದ ಗರಡಿಯ ಮಣ್ಣು
ನನ್ನ ಮುರುಟಿದ ಕಿವಿಯಲ್ಲಿ ಇನ್ನೂ ಚೂರು ಉಳಿದಿದೆ.
ಹೇಳಿದೆ: ಬಾ. ಆದರೆ ನಾ ಹೇಳಿದಷ್ಟು ತಿನ್ನಬೇಕು,
ನಾ ಹೇಳಿದಾಗ ಮಲಗಬೇಕು.
"ಎತ್ತುವುದು?"
ಅದು ಆಮೇಲಿನ ಮಾತು.

ರಾತ್ರಿ ಒಂಬತ್ತಾದರೂ ಗಾಳಿ ಒಲೆಯ ಬಾಯಿ.
ಟಯರಂಗಡಿಯ ಹಿಂದೆ ಟ್ಯಾಂಕರಿನ ಹಳೇ ಚಕ್ರ,
ಕಡಲ ಮರಳು ತುಂಬಿದ ಅಕ್ಕಿಚೀಲ.
ಬಸ್ಕಿ, ಐದು ಸಲ ಹತ್ತು. ಹನ್ನೊಂದನೆಯದು ಬೇಡ.
ಮರುವಾರ ಚೀಲಕ್ಕೆ ಎರಡು ತಂಬಿಗೆ ಮರಳು ಹೆಚ್ಚು.
ಅವನಿಗೆ ಒಂದೇ ರಾತ್ರಿಗೆ ಮರುಭೂಮಿ ಎತ್ತುವ ಆಸೆ,
ನನ್ನ ಕೈಯಲ್ಲಿ ತಂಬಿಗೆ ಮಾತ್ರ.

ಉಣ್ಣುವುದೇ ಅವನಿಗೆ ಹೆಚ್ಚು ಕಷ್ಟ.
ತಾಯಿ ಝುಲೇಖಾ ಫ್ರಿಜ್ಜಿನ ಬಾಗಿಲಿಗೆ ಬರೆದಂಟಿಸಿದಳು:
ಬೆಳಿಗ್ಗೆ ಮೊಟ್ಟೆ ನಾಲ್ಕು, ಶಾಲೆಚೀಲಕ್ಕೆ ಶೇಂಗಾ, ಖರ್ಜೂರ,
ಮಧ್ಯಾಹ್ನ ಅನ್ನದ ಗುಡ್ಡೆ, ಬೂತಾಯಿ ಐದು,
ಸಂಜೆ ಮೊಳಕೆ ಹೆಸರು, ಲಬನ್ನಿನ ಬಾಟಲಿ.
ಹಸಿವಿಲ್ಲ ಎಂದು ಮುಖ ತಿರುಗಿಸಿದ ದಿನ
ತಟ್ಟೆಯೂ ಒಂದು ಚೀಲವೇ, ಎತ್ತೋ, ಎಂದೆ.

ಯಾರೋ ಜಿಮ್ಮಿನವನು ಸೂಜಿಯ ಮಾತಾಡಿದ:
ಆರು ವಾರ, ಎಂಟು ಕಿಲೋ.
ಹುಡುಗ ಎರಡು ದಿನ ನನ್ನ ಕಣ್ಣು ತಪ್ಪಿಸಿದ.
ಬಯ್ಯಲಿಲ್ಲ. ಗೇಟಿಗೆ ಕರೆದು ಒಂದು ಲಾರಿ ತೋರಿಸಿದೆ.
ತೂಕ ಬರಲೆಂದು ಮರಳಿಗೆ ನೀರು ಹೊಡೆದಿದ್ದರು.
ಚೀಟಿಯಲ್ಲಿ ತೂಕ ಇದೆ ನೋಡು.
ಮಸ್ಕತ್ ಮುಟ್ಟುವಷ್ಟರಲ್ಲಿ ದಾರಿಯುದ್ದ ಸೋರಿರುತ್ತದೆ.
ಅವನು ಡಾಂಬರಿನ ಮೇಲಿನ ಒದ್ದೆ ಗೆರೆಯನ್ನು
ತುಂಬ ಹೊತ್ತು ನೋಡಿದ.

ರಂಜಾನ್ ಬಂತು. ಲೆಕ್ಕ ಎಲ್ಲ ತಲೆಕೆಳಗು.
ತರಾವೀಹ್ ಮುಗಿಸಿ ಬಂದು ಅರ್ಧ ಚೀಲ,
ಸಹರಿಗೆ ಕಣ್ಣು ಮುಚ್ಚಿಕೊಂಡೇ ಮೊಟ್ಟೆ.
ಒಂದು ಕಿಲೋ ಇಳಿಯಿತು.
ಆ ತಿಂಗಳು ಹಗಲು ಅವನೆದುರು ನಾನೂ ನೀರು ಕುಡಿಯಲಿಲ್ಲ,
ಬೇರೆ ಏನು ಕಲಿಸಲಿ.

ಹಬ್ಬ ಕಳೆದು ಎರಡು ತಿಂಗಳಿಗೆ ಮತ್ತೆ ನಿಂತ.
ಅಂಕಿ ಮಿಣುಕಿತು, ಮಿಣುಕಿತು: ಅರವತ್ತು!
ಕುಣಿದ. ಕಾಟಾದ ಕಬ್ಬಿಣ ಗುಡುಗಿತು.
ಕೈಹಿಡಿದು ಮೀನು ಮಾರ್ಕೆಟ್ಟಿನ ತಕ್ಕಡಿಗೆ ಒಯ್ದೆ:
ಐವತ್ತೊಂದು.
ಅಂದು ನಿನ್ನಿಂದ ಒಂಬತ್ತು ಕದ್ದಿತ್ತು ಆ ಯಂತ್ರ,
ಇಂದು ಒಂಬತ್ತು ಸಾಲ ಕೊಟ್ಟಿದೆ.
ತೀರಿಸು.

ಕಳೆದ ಶುಕ್ರವಾರ ಮತ್ತೆ ಅದೇ ಬರ್ಕಾದವರು.
ಎತ್ತಲು ನೋಡಿದರು, ಏಳಲಿಲ್ಲ,
ಮೂವರು ಸೇರಿ ಕೆಡವಬೇಕಾಯಿತು.
ಕೈ ಚಾಚಿ ಬಿದ್ದ. ಗೆರೆ ಇನ್ನೂ ಒಂದು ಗೇಣು ಆಚೆ.
ರಾತ್ರಿ ಬಂದ, ಮೊಣಕೈಗೆ ಅಂಟಿದ ಜಲ್ಲಿ ಕೂಡ ಕೊಡವದೆ.
ಕಾಟಾದ ಕಡೆ ನೋಡಲಿಲ್ಲ.
"ಕಾಕಾ, ಈ ವಾರ ಎಷ್ಟು ತಂಬಿಗೆ?"
ಉಂಡೆಯಾ, ಎಂದೆ.
ಹಿಂದೆ ಲಾರಿಯವನು ಹಾರನ್ ಒತ್ತಿಯೇ ಇದ್ದ.