ಕಿಡಿ ನೋಡಿ ಹೇಳಿದ್ದು

ಚೆನ್ನೈ ಬಂದರಿನಿಂದ ಕಾಗದ ಬಂದಿದೆ, ಇಂಗ್ಲಿಷಿನಲ್ಲಿ,
ಎರಡೂವರೆ ಪುಟ. ತಿರುಳು ಮಾತ್ರ
ದಾವಣಗೆರೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಪಕ್ಕದವರು ಕೇಳುವುದೇ:
ಯಾವೂರಾತು ನಿಮ್ದು?

ಕೇಳಿದ್ದು ನನ್ನನ್ನಲ್ಲ, ನಲವತ್ತೆಂಟು ಗೇರುಗಳನ್ನು.
ಅವಲಕ್ಕಿ ಮಿಲ್ಲಿನ ರೋಲಿಗೆ ಹಚ್ಚುವಂಥವು.
ಬಾಂಡು ಬರೆದುಕೊಟ್ಟು ಬಿಡಿಸಿಕೊಂಡು ಬಂದೆವು.
ಎಣ್ಣೆಕಾಗದ ಸುತ್ತಿಕೊಂಡು ಮಲಗಿದ್ದವು ಗೋಡೌನಿನಲ್ಲಿ,
ಹಸುಗೂಸಿನ ಹಾಗೆ ಎನ್ನಬೇಕೆನ್ನಿಸಿತು.
ಒಂದೊಂದೂ ಆರು ಕೇಜಿ.

ಬಿಲ್ಲು ದುಬೈಯದು. ಹಡಗು ಹತ್ತಿದ್ದು ಥಾಯ್ಲೆಂಡಿನಲ್ಲಿ.
ಸರ್ಟಿಫಿಕೇಟಿನ ಮೇಲೆ ಅಲ್ಲಿಯದೇ ನೀಲಿ ಮೊಹರು.
ಗೇರಿನ ಒಳಮೈಯಲ್ಲಿ, ಬೆರಳಾಡಿಸಿದರೆ ಮಾತ್ರ ಸಿಗುವಂತೆ,
ಉಜ್ಜಿ ಅಳಿಸಿದ ಎರಡಕ್ಷರ.
ಓದಲು ಬಾರದು. ಬಾರದ್ದಕ್ಕೇ ಅನುಮಾನ.

ಥಾಯ್ಲೆಂಡ್ ಎಂದರೆ ಸುಂಕ ಸೊನ್ನೆ.
ಅಲ್ಲವೆಂದರೆ ನೂರಕ್ಕೆ ಏಳೂವರೆ, ಎಂಬತ್ತೆರಡು ಸಾವಿರ ಚಿಲ್ಲರೆ.
ಧಣಿ ತಿಪ್ಪೇರುದ್ರಪ್ಪ ವಿಭೂತಿ ಒರೆಸಿಕೊಳ್ಳುತ್ತ ಅಂದರು:
'ಹುಟ್ಟಿದ್ದು ಎಲ್ಲಾದ್ರೂ ಇರ್ಲಿ ಬಿಡವ್ವ,
ಮನೆ ತುಂಬಿಸ್ಕೊಂಡ ಮ್ಯಾಲೆ ನಮ್ದು.'

ಎರಡು ರಾತ್ರಿ ನಿಯಮ ಓದಿದೆ, ನಿಟುವಳ್ಳಿಯ ಮನೆಯಲ್ಲಿ,
ಮಗನ ಲೆಕ್ಕದ ಪುಸ್ತಕದ ಪಕ್ಕ.
ತೊಳೆದರೆ ಊರು ಬದಲಾಗದು. ಬಣ್ಣ ಬಳಿದರೆ ಆಗದು.
ಪೆಟ್ಟಿಗೆ ಬದಲಿಸಿದರೆ, ಚೀಟಿ ಹಚ್ಚಿದರೆ, ಅಂಚು ಸವರಿದರೆ ಆಗದು.
ರೂಪ ಹೋಗಿ ರೂಪ ಬರಬೇಕು,
ಹೆಸರು ಹೋಗಿ ಹೆಸರು.
ಬೆಲೆಯಲ್ಲಿ ಮೂವತ್ತೈದು ಪಾಲು ಆ ನೆಲದ ಬೆವರಿರಬೇಕು.
ಬರೆದವರು ಯಾರೋ ಅನುಭಾವಿಗಳು ಎಂದುಕೊಂಡೆ,
ಮುಂದಿನ ಪುಟದಲ್ಲಿ ದಂಡದ ಮೊತ್ತ ಕಾಣುವ ತನಕ.
ತಂದವರಿಗೆ ಗೊತ್ತಿರಬೇಕು, ಎನ್ನುತ್ತದೆ ಕಲಮು.
ಗೊತ್ತಿಲ್ಲ ಎಂಬುದು ಉತ್ತರವಲ್ಲ.

ಬುತ್ತಿಚೀಲದಲ್ಲಿ ಒಂದು ಗೇರು ಹಾಕಿಕೊಂಡು
ಹಳೇಪೇಟೆಯ ಲೇತಿನಂಗಡಿಗೆ ಹೋದೆ.
ಜಬೀವುಲ್ಲಾ ಚಾಚಾ ಕನ್ನಡಕವನ್ನು ಹಣೆಗೇರಿಸಿದ.
ಮೂಸಿದ. ಹಲ್ಲನ್ನು ಉಗುರಿನಿಂದ ಕುಟ್ಟಿ ಕಿವಿಗಿಟ್ಟ.
ಆಮೇಲೆ ಸಾಣೆ ತಿರುಗಿಸಿ, ಒಂದು ಹಲ್ಲಿನ ತುದಿಯನ್ನು
ತಾಕಿತೋ ಇಲ್ಲವೋ ಎಂಬಂತೆ ತಾಕಿಸಿದ.

ಕಿತ್ತಳೆ ಕಿಡಿ, ಗಿಡ್ಡ, ತುದಿಯಲ್ಲಿ ಕವಲು.

'ಗುಜರಿ ಕರಗಿಸಿದ ಉಕ್ಕು ನೋಡವ್ವ,
ಹತ್ತು ಮನೆ ಹಿಟ್ಟು ತಂದು ಬಡಿದ ರೊಟ್ಟಿ.
ಹಲ್ಲಿನ ಬುಡಕ್ಕೆ ಬಣ್ಣ ಕೆರಿ. ಕೆಳಗೆ ತುಕ್ಕು ಐತೆ.
ಎಲ್ಲೋ ಹುಟ್ಟಿ, ಎಲ್ಲೋ ಒಂದು ಮಳೆಗಾಲ ಕೂತು,
ಅಲ್ಲಿ ಬರೀ ಬಣ್ಣ ಹಚ್ಕೊಂಡು ಬಂದೈತೆ.'

ಗುಜರಿ ಎಂದದ್ದೇ ಸುಮ್ಮನಾದ.
ಮಿಲ್ಲು ಮುಚ್ಚಿದ ವರ್ಷ ನೂಲಿನ ಯಂತ್ರಗಳನ್ನು
ಸುತ್ತಿಗೆಯಲ್ಲಿ ಒಡೆದವರಲ್ಲಿ ಆತನೂ ಒಬ್ಬ,
ಹತ್ತೊಂಬತ್ತು ವರ್ಷ ಎಣ್ಣೆ ಬಿಟ್ಟ ಅದೇ ಕೈಯಲ್ಲಿ,
ದಿನಗೂಲಿಗೆ.
ಲ್ಯಾಂಕಶೈರಿನ ಹೆಸರು ಎರಕಗೊಂಡ ಪಕ್ಕೆಗಳು,
ಇಪ್ಪತ್ತೆರಡು ಲಾರಿ.
ಎಲ್ಲಿಗೆಂದು ಯಾರೂ ಕೇಳಲಿಲ್ಲ.
ಆ ಫಾರಮ್ಮಿನಲ್ಲಿ ಅಂಥ ಕಾಲಂ ಇರಲಿಲ್ಲ.

'ಇದರೊಳಗೆ ಅದೂ ಇದ್ದೀತಾ ಚಾಚಾ?'

'ಇದ್ರೂ, ಕರಗಿದ್ದಕ್ಕೆ ನೆನಪಿರಲ್ಲ.
ಅದೊಂದು ನಮಗಿಟ್ಟಾನೆ ದೇವರು. ಚಾ ಕುಡಿ.'

ಕುಡಿದೆ. ಬಂದು ಬರೆದೆ:
ರಿಯಾಯಿತಿ ಬೇಡ, ಮೂಲ ತೋರಿಸಲು ನಮ್ಮಿಂದಾಗದು,
ಸುಂಕ ಕಟ್ಟುತ್ತೇವೆ.
ಧಣಿ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಪೆನ್ನು ಕೇಳಿದರು. ನನ್ನದನ್ನೇ ಕೊಟ್ಟೆ.
ವಾಪಸು ಕೊಡಲಿಲ್ಲ.

ಈಗ ಮಿಲ್ಲು ಓಡುತ್ತಿದೆ.
ಭತ್ತ ಗಂಗಾವತಿಯದು, ಚೀಲ ಹುಬ್ಬಳ್ಳಿಯದು,
ಚೀಲದ ಮೇಲೆ ಕೆಂಪಕ್ಷರದಲ್ಲಿ ದಾವಣಗೆರೆ ಅವಲಕ್ಕಿ.
ಇದಕ್ಕೆ ಯಾರೂ ಕಾಗದ ಬರೆದಿಲ್ಲ.
ಮೂರನೇ ರೋಲಿನಲ್ಲಿ ಮಾತ್ರ, ಸಾಣೆ ತಾಕಿದ ಆ ಹಲ್ಲು
ಸುತ್ತಿಗೊಮ್ಮೆ ಟಕ್ ಎನ್ನುತ್ತದೆ.
ಫಿಟ್ಟರನಿಗೆ ಕೇಳಿಸುವುದಿಲ್ಲವಂತೆ.