ಬಾಗಿಲ ಮೇಲಿನ ಅಂಕಿ

ಜಿನದತ್ತನ ಮೊದಲ ಕಾರಿಗೆ ಒಂಬತ್ತು ಬರೆದವನು ನಾನೇ,
ಹಾಸನದ ಬಿ.ಎಂ. ರಸ್ತೆಯ ಶೆಡ್ಡಿನಲ್ಲಿ,
ಇಪ್ಪತ್ತೈದು ರೂಪಾಯಿಗೆ.
ಲಾರಿಗಳ ಬೆನ್ನಿಗೆ ‘ಹಾರ್ನ್ ಮಾಡಿ’, ಮಂಡಿಗಳಿಗೆ ಬೋರ್ಡು,
ಸತ್ತವರ ಫೋಟೊ ಕೆಳಗೆ ಜನನ, ಮರಣ,
ಇಷ್ಟೇ ಆಗ ನನ್ನ ಕಸುಬು.
ಒಂಬತ್ತರ ಹೊಟ್ಟೆ ಸ್ವಲ್ಪ ಊದಿತು.
‘ಬಿಡು ಬಾಬಣ್ಣ, ಓಡುವಾಗ ಯಾರು ನೋಡ್ತಾರೆ’ ಅಂದ.

ಅವನಪ್ಪ ಧರಣೇಂದ್ರಯ್ಯ
ಮೂವತ್ತೊಂದು ವರ್ಷ ಶಿರಾಡಿ ಘಾಟಿ ಇಳಿಸಿದವರು,
ಹತ್ತು ಟನ್ನು ಹೊತ್ತು, ಎರಡನೇ ಗೇರಿನಲ್ಲಿ.
‘ಹತ್ತಿದ ಗೇರಲ್ಲೇ ಇಳೀಬೇಕು’,
ಅವರು ಓದಿದ ಶಾಸ್ತ್ರವೆಲ್ಲ ಅದೊಂದು ಸಾಲು.
ಮಗನ ಒಂದು ರೇಸೂ ನೋಡಲಿಲ್ಲ.
‘ಲೋಡಿಲ್ಲ, ಬಾಡಿಗೆಯಿಲ್ಲ,
ಹೊರಟಲ್ಲಿಗೇ ಬರೋಕೆ ಅಷ್ಟೊಂದು ಪೆಟ್ರೋಲಾ?’

ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುವ ಮನೆ ಅದು.
ಟ್ರೇಲರಿಗೆ ದುಡ್ಡಿಲ್ಲದ ಕಾಲ; ರೇಸಿನ ಕಾರನ್ನೇ
ಚೆನ್ನೈಯಿಂದ ರಾತ್ರಿಯಿಡೀ ಓಡಿಸಿಕೊಂಡು ಬರುತ್ತಿದ್ದ.
ಬೆಳಿಗ್ಗೆ ಪದ್ಮಾವತಮ್ಮ ಒದ್ದೆ ಬಟ್ಟೆ ಹಿಡಿದು
ಮುಂಗಾಜಿನ ಎದುರು ನಿಲ್ಲುತ್ತಿದ್ದರು.
ಒಂದು ರೆಕ್ಕೆ. ಒಂದು ಕಾಲು. ಹಳದಿ ಕಲೆ.
ಮಗ ಗೆದ್ದನಂತೆ ಅಂತ ಯಾರಾದರೂ ಅಂದರೆ
‘ನಲವತ್ತಮೂರು’ ಅನ್ನುತ್ತಿದ್ದರು.
ಲ್ಯಾಪಿನ ಲೆಕ್ಕ ಅಂದುಕೊಂಡಿದ್ದೆ ನಾನು,
ಬಹಳ ದಿನ.

ಒಂಬತ್ತು, ಆಮೇಲೆ ಇಪ್ಪತ್ತೇಳು, ಆಮೇಲೆ ಮೂರು.
ಮೂರು ಬರೆದ ವರ್ಷ ಅದರ ಕೆಳಗೆ
‘ಶ್ರೀ ಬಾಹುಬಲಿ ಬಿತ್ತನೆ ಆಲೂಗಡ್ಡೆ’ ಅಂತಲೂ ಬರೆದೆ,
ಖರ್ಚು ಮಂಡಿಯವರದ್ದು.
ಮೈಕಿನವನಿಗೆ ಕನ್ನಡ ಬಾರದು, ಯಾರನ್ನೋ ಕೇಳಿ
‘ಪೊಟೇಟೊ ಕಾರ್! ಪೊಟೇಟೊ ಕಾರ್!’ ಅಂತ ಕೂಗಿದ.
ಪೊಟೇಟೊ ಕಾರು ಎರಡು ಸೀಸನ್ನು ಎರಡನೆಯದು,
ಒಂದು ಸಲ, ಒಂದೇ ಒಂದು ಸಲ, ಮೊದಲನೆಯದು.
ಆಮೇಲೆ ಗಿಡಕ್ಕೆ ಅಂಗಮಾರಿ ಬಂತು, ಮಂಡಿ ಮುಚ್ಚಿತು,
ಥಿನ್ನರು ಹಾಕಿ ಹೆಸರು ಉಜ್ಜಿದೆ.
ಆ ಜಾಗ ಬಾಗಿಲಲ್ಲಿ ಮಂಕಾಗಿ ಉಳಿಯಿತು.

ಆರನೇ ತಿರುವಿನಲ್ಲಿ ಮಗುಚಿದ್ದರ ಬಗ್ಗೆ
ಅವನು ಹೇಳಿದ್ದು ಇಷ್ಟೇ:
‘ತಲೆಕೆಳಗಾಗಿ ನೇತಾಡ್ತಿದ್ದೆ ಮಾರಾಯ, ಬಾಗಿಲು ಕಿತ್ತು ಆಚೆ ಬಿದ್ದಿತ್ತು.
ನಿನ್ನ ಮೂರು ಕಂಡಿತು.
ಯಾವುದೋ ಗೊತ್ತಿಲ್ಲದ ಭಾಷೆ ಥರ.’

ನಾಲ್ಕು ವರ್ಷ ಅವನಿಗೆ ಅಂಕಿಯಿರಲಿಲ್ಲ.

ನಲವತ್ತೊಂದಕ್ಕೆ ಉತ್ತರದಿಂದ ಕರೆ ಬಂತು: ಲಾರಿ ರೇಸು.
ಬಾಲವಿಲ್ಲದ ಲಾರಿ, ಬರೀ ತಲೆ ಮತ್ತು ಎದೆ;
ಬ್ರೇಕಿಗೆ ನೀರು ಚಿಮ್ಮಿಸಿದರೆ
ಚಕ್ರದ ಸಂದಿಯಿಂದ ಬಚ್ಚಲ ಹಂಡೆಯ ಹಾಗೆ ಹಬೆ.
ಹುಡುಗರು ತುಳಿದು ತುಳಿದು ಬ್ರೇಕು ಕಾಯಿಸಿಕೊಂಡರು.
ಇವನ ಕಿವಿಯಲ್ಲಿ ಶಿರಾಡಿ.
ಗೇರು ಇಳಿಸಿ, ತಡೆಯುವ ಕೆಲಸ ಎಂಜಿನ್ನಿಗೇ ಬಿಟ್ಟು,
ಸುಮ್ಮನೆ, ಅವಸರವಿಲ್ಲದೆ,
ಹನ್ನೊಂದರಿಂದ ನಾಲ್ಕಕ್ಕೆ ಬಂದ.
ಫೋನ್ ಮಾಡಿದ್ದು ಅಪ್ಪನಿಗೆ.
‘ಲೋಡೆಷ್ಟಿತ್ತು?’
‘ಖಾಲಿ.’
‘ಖಾಲಿ ಗಾಡಿ ಯಾರಾದ್ರೂ ಓಡಿಸ್ತಾರೆ’ ಅಂದು ಇಟ್ಟರಂತೆ.
ಆಮೇಲೆ ಕೋಲೂರಿಕೊಂಡು ರಸ್ತೆಗೆ ಬಂದು
‘ನಾಕ್ನೇವ್ನು’ ಅಂದರು ನನಗೆ,
ಟೀ ಅಂಗಡಿಯವನಿಗೆ, ಪಂಚರ್ ಹುಡುಗನಿಗೆ,
ಕೇಳದೇ ಇದ್ದ ಒಬ್ಬ ಟ್ರಾಫಿಕ್ ಪೊಲೀಸಿಗೆ.

ಆ ಲಾರಿಯ ಅಂಕಿ ನಾನು ಬರೆದದ್ದಲ್ಲ.
ಮೆಷಿನ್ನು ಕತ್ತರಿಸಿದ ಸ್ಟಿಕ್ಕರು. ಎಂಟು.
ಎರಡು ಹೊಟ್ಟೆಯೂ ಸರಿಯಾಗಿದ್ದವು.

ಈಗ ಐವತ್ತು ಅವನಿಗೆ. ಡೇರಿ ಸರ್ಕಲ್ಲಿನ ಹತ್ತಿರ ಡ್ರೈವಿಂಗ್ ಸ್ಕೂಲು.
ಹೋದ ವಾರ ಬಂದ, ‘ಬಾನೆಟ್ಟಿಗೊಂದು ಎಲ್ ಬರಿ, ಕೈಯಲ್ಲೇ ಬರಿ’ ಅಂತ.
ನನ್ನ ಕೈ ನಡುಗುತ್ತೆ. ಆದರೂ ಎಲ್ ತಾನೆ,
ಒಂದು ನೇರ ದಾರಿ, ಒಂದು ತಿರುವು.
ಕೆಂಪು ಇನ್ನೂ ಹಸಿಯಿರುವಾಗ
ಒಂದು ಹಾತೆ ಬಂದು ಕೂತು ಅಂಟಿಕೊಂಡಿತು.
ಅವನು ಬಗ್ಗಿ, ಉಗುರಿನ ತುದಿಯಿಂದ, ಮೊದಲು ಒಂದು ಕಾಲು.
ಕಲಿಯಲು ಬಂದ ಹುಡುಗಿ ಒಳಗೆ ಸ್ಟೇರಿಂಗ್ ಹಿಡಿದು ಕಾದಳು,
ಕಾದಳು, ಹಾರ್ನ್ ಮಾಡಿದಳು.
‘ತಡಿಯಮ್ಮ’ ಅಂದ,
ತಲೆ ಎತ್ತದೆ.