ಮೂವತ್ತೆಂಟು ನಿಮಿಷ

ಸಾಗರದಲ್ಲಿ ತರಬೇತಿಯ ಮೂರನೇ ದಿನ,
ಉಪ್ಪಿಟ್ಟು ಮುಗಿದು ತೂಕಡಿಕೆ ಶುರುವಾಗುವ ಹೊತ್ತಿಗೆ
ಇಸ್ಮಾಯಿಲ್ ಮೇಷ್ಟ್ರು ಹೇಳಿದರು:
ನಿಮ್ಮದೇ ಒಂದು ಪಾಠ ಮೊಬೈಲಿನಲ್ಲಿ ಹಿಡಿಯಿರಿ,
ಒಬ್ಬರೇ ಕೂತು ನೋಡಿ. ಅಷ್ಟೇ.
ಅಷ್ಟೇನಾ ಅಂತ ನಾವೆಲ್ಲ ನಕ್ಕೆವು.

ಬೀರುವಿನ ಮೇಲೆ, ಗ್ಲೋಬಿಗೂ ಹಾಜರಿ ಪುಸ್ತಕಕ್ಕೂ ನಡುವೆ
ಫೋನು ಸಿಕ್ಕಿಸಿದೆ. ಜಾರದಿರಲೆಂದು
ಅಡ್ಡಕ್ಕೆ ಡಸ್ಟರು.
ಐದನೇ ತರಗತಿ, ಭಿನ್ನರಾಶಿ.
ಆ ದಿನ ಇಸ್ತ್ರಿ ಸೀರೆ ಉಟ್ಟಿದ್ದೆ, ಸುಳ್ಳೇಕೆ.

ಸಂಜೆ ಹಸಿರುಮಕ್ಕಿ ಲಾಂಚಿನಲ್ಲಿ
ಎರಡು ಬೈಕು, ಒಂದು ಹಾಲಿನ ವ್ಯಾನಿನ ಸಂದಿಯಲ್ಲಿ ನಿಂತು
ಕಿವಿಗೆ ವೈರು ಸಿಕ್ಕಿಸಿ ನೋಡತೊಡಗಿದೆ.
ನಡುನೀರಿನಲ್ಲಿ ಸಿಗ್ನಲ್ಲು ಸತ್ತಿತು;
ನಾನು ಮಾತ್ರ ನನ್ನ ಅಂಗೈಯಲ್ಲಿ
ಪಾಠ ಮಾಡುತ್ತಲೇ ಇದ್ದೆ.

ಇದು ಯಾರ ದನಿ, ಹರಾಜು ಕೂಗಿದ ಹಾಗೆ?
ಇದು ಯಾರ ಬೆನ್ನು?
ಹತ್ತೊಂಬತ್ತು ವರ್ಷ ಮಕ್ಕಳು ಕಂಡದ್ದು, ನಾನು ಕಾಣದ್ದು:
ಸೊಂಟದ ಮೇಲೆ ಸೀಮೆಸುಣ್ಣದ
ಐದು ಬಿಳಿ ಬೆರಳು.

ಅರ್ಧದಲ್ಲಿ ಅರ್ಧ ಎಷ್ಟು? ಕೇಳುತ್ತೇನೆ.
ಕೇಳಿದ ಉಸಿರಿನಲ್ಲೇ ಕಾಲು ಅನ್ನುತ್ತೇನೆ.
ಕಾಲೂ ಎಂದು ಮಕ್ಕಳು ರಾಗ ಎಳೆಯುತ್ತಾರೆ.
ಅರ್ಥ ಆಯ್ತಾ? ಆಯ್ತೂ ಮೇಡಂ.
ನಾನೇ ಕೇಳಿ, ನಾನೇ ಹೇಳಿ,
ನನ್ನ ತರಗತಿಯಲ್ಲಿ ನೂರಕ್ಕೆ ನೂರು ತೆಗೆದವಳು ನಾನೊಬ್ಬಳೇ.

ಹನ್ನೊಂದನೇ ನಿಮಿಷ. ಕಿಟಕಿ ಪಕ್ಕ
ರಂಜಿತಾಳ ಕೈ ಏಳುತ್ತದೆ.
ನಾನು ಹಲಗೆಯ ಕಡೆ.
ಕೈ ಸೋತಾಗ ಇನ್ನೊಂದು ಕೈ ಮೊಣಕೈಗೆ ಊರುಗೋಲಾಗುತ್ತದೆ.
ನಾನು ಹಲಗೆಯ ಕಡೆ.
ಹದಿನೇಳರಲ್ಲಿ ಬೆರಳು ಮಡಿಯುತ್ತವೆ, ಒಂದೊಂದಾಗಿ.
ಆಮೇಲೆ ಅವಳು ತಲೆ ಕೆರೆದುಕೊಂಡಳು,
ಕೈ ಎತ್ತಿದ್ದೇ ಅದಕ್ಕೆ ಎಂಬಂತೆ.

ಹಿಂದೆ ಸರಿಸಿದೆ. ಕೈ ಮತ್ತೆ ಎದ್ದಿತು.
ಇನ್ನೊಮ್ಮೆ ಸರಿಸಿದೆ.
ಎಷ್ಟು ಸಲ ಎಬ್ಬಿಸಿದರೂ
ಪರದೆಯೊಳಗಿನ ನಾನು ತಿರುಗಲಿಲ್ಲ.
ಮೇಡಂ, ದಡ ಬಂತು ಅಂತ ಯಾರೋ ಅಂದರು.

ಮರುದಿನ ಬಿಸಿಯೂಟದ ಸಾಲಿನಲ್ಲಿ ಕೇಳಿದೆ:
ನಿನ್ನೆ ಏನೋ ಕೇಳಬೇಕಂತಿದ್ಯಲ್ಲ, ಏನದು?
ತಟ್ಟೆ ಎದೆಗವಚಿಕೊಂಡು ಯೋಚಿಸಿದಳು.
ಮರ್ತೋಯ್ತು ಮೇಡಂ.

ಪೋರ್ಟಲ್ಲಿನಲ್ಲಿ ಒಂದು ಚೌಕ: ನೀವು ಕಲಿತದ್ದೇನು?
ಇನ್ನೂರು ಅಕ್ಷರ ಮೀರಬಾರದು.
ಟವರು ಸಿಗುವ ಏರಿನಲ್ಲಿ ನಿಂತು
ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ.
ಕಡೆಗೆ ಎಲ್ಲರಂತೆ
'ತುಂಬಾ ಉಪಯುಕ್ತವಾಗಿತ್ತು' ಎಂದು ಒತ್ತಿದೆ.
ಪ್ರಮಾಣಪತ್ರ ಬಂತು, ದೀರ್ಘ ತಪ್ಪಿದ ಹೆಸರಿನಲ್ಲಿ:
ಶ್ರೀಮತಿ ವನಮಲಾ.

ಈಗ ಪ್ರಶ್ನೆ ಕೇಳಿದ ಮೇಲೆ ಬಾಯಿಗೆ ಬೀಗ.
ಹಲಗೆಗೆ ಬೆನ್ನು ಕೊಟ್ಟು ಮನಸ್ಸಿನಲ್ಲೇ ಎಣಿಸುತ್ತೇನೆ.
ಒಂದು. ಎರಡು.
ಈ ಮೂರು ಎಷ್ಟು ಉದ್ದ!
ಹೊರಗೆ ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ,
ಯಾರದೋ ಚೀಲದ ಜಿಪ್ಪು ಕೇಳುತ್ತದೆ.
ನಾಲ್ಕು.
ಮುಂದಿನ ಬೆಂಚಿನ ಚರಣ ಮರುಕಪಟ್ಟು, ಮೆಲ್ಲಗೆ:
ಮೇಡಂ, ನಿಮಗೂ ಮರ್ತೋಯ್ತಾ?